ಅಕ್ಟೋಬರ್‌ನಿಂದ ಫೆಬ್ರವರಿಗೆ: ಕ್ಯೂಜಿಐಎಸ್ 4ಕ್ಕೆ ಕಾಯುತ್ತಿರುವ ಹಳೆಯ ಬಳಕೆದಾರನ ವಿಮರ್ಶೆ

ನಕ್ಷೆ ಮಾಡುವ ಉಚಿತ ತಂತ್ರಾಂಶ ಕ್ಯೂಜಿಐಎಸ್‌ನ ಹೊಸ ಆವೃತ್ತಿ 4.0 ಅಕ್ಟೋಬರ್ 2025ರಲ್ಲಿ ಬರಬೇಕಿತ್ತು. ಬರಲಿಲ್ಲ. ಫೆಬ್ರವರಿ 2026ಕ್ಕೆ ಮುಂದೂಡಿದ್ದೇವೆ ಅಂತ ತಂಡದವರು ಮೊದಲೇ ತಿಳಿಸಿದ್ದರು. ಅದನ್ನು ಓದಿದ ದಿನ ಬೇಸರವಾಗಿದ್ದು ನಿಜ. ಹೊಸದು ಬಂದ ಮೇಲೆ ಮಾಡೋಣ ಅಂತ ಒಂದಷ್ಟು ಕೆಲಸ ಎತ್ತಿಟ್ಟಿದ್ದೆ. ಈಗ ಅವನ್ನೆಲ್ಲ 3.40ರಲ್ಲೇ ಮಾಡಿ ಮುಗಿಸುತ್ತಿದ್ದೇನೆ. ಹೊಸದು ಕೈಗೆ ಬಂದ ಮೇಲೆ ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಾರೆ. ಕಾದ ದಿನಗಳು ಮರೆತು ಹೋಗುತ್ತವೆ. ಅದಕ್ಕೇ ಕಾಯುತ್ತಿರುವಾಗಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಇದನ್ನು ಬಳಸಲು ಶುರು ಮಾಡಿದ್ದು 2015ರಲ್ಲಿ, 2.8 ಬಂದಾಗ. ದೀರ್ಘಾವಧಿ ಬೆಂಬಲ ಅಂತ ಹೇಳಿ ಬಿಟ್ಟ ಮೊದಲ ಆವೃತ್ತಿ ಅದು. ನಾಲ್ಕು ತಿಂಗಳಿಗೊಮ್ಮೆ ಹೊಸದು ಬರುತ್ತಲೇ ಇರುತ್ತದೆ, ಆದರೆ ಒಂದನ್ನು ಮಾತ್ರ ವರ್ಷವಿಡೀ ದೋಷ ತಿದ್ದುತ್ತಾ ಕಾಯ್ದುಕೊಳ್ಳುತ್ತಾರೆ. ಆ ಮಾತು ನಂಬಿ ಕೆಲಸಕ್ಕೆ ಹಿಡಿದೆ. ಜಮೀನಿನ ಗಡಿ, ಕಾಲುವೆ, ಬಾವಿ, ಮರ ಇವುಗಳನ್ನು ನಕ್ಷೆಗೆ ಏರಿಸುವುದು, ಅಳೆಯುವುದು, ಕಾಗದದ ಮೇಲೆ ಅಚ್ಚು ಹಾಕಿ ಹೊರಗೆ ಕೆಲಸ ಮಾಡುವವರ ಕೈಗೆ ಕೊಡುವುದು ನನ್ನ ದಿನದ ಕೆಲಸ. ಬೆಳಿಗ್ಗೆ ತೆರೆದರೆ ಸಂಜೆವರೆಗೂ ಅದೇ ಕಿಟಕಿ.

ಇದನ್ನು 2002ರಲ್ಲಿ ಶುರು ಮಾಡಿದವರು ಗ್ಯಾರಿ ಶರ್ಮನ್. ಮೊದಲ ಆವೃತ್ತಿಗೆ ಪೋಸ್ಟ್‌ಜಿಐಎಸ್ ಎಂಬ ನಕ್ಷೆಯ ಡೇಟಾಬೇಸಿನಲ್ಲಿದ್ದ ಲೇಯರ್‌ಗಳನ್ನು (ನಕ್ಷೆಯ ಪದರಗಳನ್ನು) ತೋರಿಸುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. 1.0 ಅನ್ನಿಸಿಕೊಳ್ಳಲು 2009ರವರೆಗೆ ಕಾಯಬೇಕಾಯಿತು. ಅಂದರೆ ಏಳು ವರ್ಷ. ಈ ನಾಲ್ಕು ತಿಂಗಳನ್ನು ಅದರ ಪಕ್ಕ ಇಟ್ಟು ನೋಡಿದರೆ ಅಂಥ ದೊಡ್ಡದಲ್ಲ, ಅಲ್ವಾ?

ಹಾಗಾದರೆ ತಡ ಯಾಕೆ? 4.0 ಅಂದರೆ ಹೊಸ ಗುಂಡಿಗಳ ಹಬ್ಬ ಅಂದುಕೊಂಡವರು ಜಾಸ್ತಿ. ಅದು ಹಾಗಲ್ಲ. ಇದರ ಮುಖ್ಯ ಕೆಲಸ ಕ್ಯೂಟಿ 5ರಿಂದ ಕ್ಯೂಟಿ 6ಕ್ಕೆ ಹೋಗುವುದು. ಕಿಟಕಿ, ಮೆನು, ಅಕ್ಷರ ಬಿಡಿಸುವುದು, ಪಿಡಿಎಫ್ ಮಾಡುವುದು, ಇಂಟರ್‌ನೆಟ್‌ನಿಂದ ಟೈಲ್ ತರುವುದು, ಇದೆಲ್ಲದರ ಕೆಳಗೆ ಇರುವುದು ಕ್ಯೂಟಿ. 5ನೇ ಸರಣಿ ಬಂದದ್ದು 2012ರಲ್ಲಿ, 6ನೆಯದು 2020ರ ಡಿಸೆಂಬರ್‌ನಲ್ಲಿ. 5ನೇ ಸರಣಿಯ ಕೊನೆಯದಾದ 5.15ಕ್ಕೆ ಹಣ ಕೊಟ್ಟವರಿಗೆ ಸಿಗುತ್ತಿದ್ದ ಮಾಮೂಲಿ ಬೆಂಬಲ ಕೂಡ ಮೇ 2025ಕ್ಕೆ ಮುಗಿಯಿತು. ಹಾಗಾಗಿ ಬದಲಾವಣೆ ಬೇಡ ಅನ್ನುವಂತಿಲ್ಲ. ಇವತ್ತಲ್ಲ ನಾಳೆ ಆಗಲೇಬೇಕು. ಆದರೆ ಇದು ಬಂಡಿ ಓಡುತ್ತಿರುವಾಗಲೇ ಗಾಲಿ ಬದಲಿಸುವ ಕೆಲಸ. ಬಂಡಿಯಲ್ಲಿ ನಾವೆಲ್ಲ ಕೂತಿದ್ದೇವೆ, ನಮ್ಮ ಸರಕೂ ಇದೆ.

ಆ ಸರಕು ಅಂದರೆ ಪ್ಲಗಿನ್‌ಗಳು, ಬಳಕೆದಾರರೇ ಬರೆದು ತಂತ್ರಾಂಶಕ್ಕೆ ಸೇರಿಸುವ ಪುಟ್ಟ ಪ್ರೋಗ್ರಾಂಗಳು.

ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳಬೇಕು. 2.18 ಬಂದದ್ದು ಅಕ್ಟೋಬರ್ 2016ರಲ್ಲಿ. ಮುಂದಿನದು, ಅಂದರೆ 3.0, ಬಂದದ್ದು ಫೆಬ್ರವರಿ 2018ರಲ್ಲಿ. ನಾಲ್ಕು ತಿಂಗಳ ಲೆಕ್ಕದಲ್ಲಿ ನಡೆಯುತ್ತಿದ್ದ ತಂತ್ರಾಂಶ 16 ತಿಂಗಳು ತೆಗೆದುಕೊಂಡಿತ್ತು. ಆಗಲೂ ಅಡಿಪಾಯವೇ ಬದಲಾಗಿತ್ತು. ಕ್ಯೂಟಿ 4ರಿಂದ 5ಕ್ಕೆ, ಪೈಥಾನ್ 2ರಿಂದ 3ಕ್ಕೆ, ಜೊತೆಗೆ ಪ್ಲಗಿನ್‌ಗಳು ತಂತ್ರಾಂಶದಿಂದ ಕೆಲಸ ಮಾಡಿಸಲು ಬಳಸುವ ಒಳಗಿನ ಕರೆಗಳ ಹೆಸರುಗಳೂ ಬದಲು. ಒಂದು ಪ್ಲಗಿನ್ ಕೂಡ ಹಾಗೇ ಓಡುತ್ತಿರಲಿಲ್ಲ. ಗಡಿಗಳು ಒಂದರ ಮೇಲೊಂದು ಏರಿವೆಯೋ, ನಡುವೆ ಸಂದು ಬಿಟ್ಟಿವೆಯೋ ಅಂತ ನೋಡಲು ನಾನು ಒಂದು ಪುಟ್ಟ ಪ್ಲಗಿನ್ ಬಳಸುತ್ತಿದ್ದೆ. ಅದು 3ಕ್ಕೆ ಬರಲೇ ಇಲ್ಲ. ಬರೆದವರು ಕೈಬಿಟ್ಟಿದ್ದರು. ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ ಎರಡೂ ಆವೃತ್ತಿಗಳನ್ನು ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಒದ್ದಾಡಿದೆ. ಗಡಿ ಪರೀಕ್ಷೆ 2.18ರಲ್ಲಿ, ನಕ್ಷೆ 3ರಲ್ಲಿ. ಒಂದು ದಿನ ಮರೆತು ಹಳೆಯ ಪ್ರಾಜೆಕ್ಟ್ ಫೈಲನ್ನು 3ರಲ್ಲಿ ತೆರೆದು ಸೇವ್ ಮಾಡಿಬಿಟ್ಟೆ. ಆಮೇಲೆ 2.18ರಲ್ಲಿ ತೆರೆದರೆ ಬಣ್ಣ, ಲೇಬಲ್ ಎಲ್ಲ ಕಲಸಿಹೋಗಿತ್ತು. ಡೇಟಾಗೆ ಏನೂ ಆಗಿರಲಿಲ್ಲ, ಆದರೆ ಮೂರು ದಿನ ಕೂತು ಹೊಂದಿಸಿದ ಲೇಬಲ್ ನಿಯಮಗಳು ಹೋಗಿದ್ದವು. ಪ್ರತಿ ಇಟ್ಟುಕೊಂಡಿರಲಿಲ್ಲ. ಅವತ್ತಿನಿಂದ ಪ್ರಾಜೆಕ್ಟ್ ಫೈಲಿನ ಹೆಸರಿನ ಕೊನೆಗೆ ಆವೃತ್ತಿಯ ಸಂಖ್ಯೆ ಸೇರಿಸಿಯೇ ಇಡುತ್ತೇನೆ.

ಈ ಸಲ ತಂಡದವರು ಬೇರೆ ದಾರಿ ಹಿಡಿದಿದ್ದಾರೆ. ಕ್ಯೂಟಿ ಬದಲಾಗುತ್ತದೆ, ಆದರೆ ಕ್ಯೂಜಿಐಎಸ್‌ನ ಸ್ವಂತ ಕರೆಗಳನ್ನು ಸುಮ್ನೆ ಒಡೆಯುವುದಿಲ್ಲ. ಇದು ಬಹಳ ದೊಡ್ಡ ಮಾತು. ನನ್ನ ಹತ್ತಿರ ನಾನೇ ಬರೆದ ಎರಡು ಪ್ಲಗಿನ್ ಇವೆ. ಈ ಕಾಯುವ ತಿಂಗಳುಗಳಲ್ಲಿ ಅವೆರಡನ್ನೂ ತಿದ್ದಿದೆ. ಏನು ತಿದ್ದಬೇಕಾಯಿತು ಅಂತ ಹೇಳಿದರೆ ನಿಮಗೂ ಉಪಯೋಗ ಆಗಬಹುದು. ಮೊದಲನೆಯದು, ಪೈಥಾನ್‌ನಿಂದ ಕ್ಯೂಟಿ ಬಳಸಲು ಇರುವ ಪೈಕ್ಯೂಟಿಯನ್ನು ಪೈಕ್ಯೂಟಿ 5 ಅಂತ ನೇರವಾಗಿ ಕರೆಯುತ್ತಿದ್ದ ಕಡೆಯೆಲ್ಲ ಕ್ಯೂಜಿಐಎಸ್ ಒಳಗಿನ ಪೈಕ್ಯೂಟಿ ಮೂಲಕ ಕರೆಯುವಂತೆ ಬದಲಿಸಿದೆ. ಹಾಗೆ ಮಾಡಿದರೆ ಕೆಳಗೆ 5 ಇದೆಯೋ 6 ಇದೆಯೋ ಅಂತ ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎರಡನೆಯದು ಹೆಸರುಗಳ ವಿಷಯ. ಮೊದಲು ‘ನಡುವಿಗೆ ಜೋಡಿಸು’ ಅನ್ನಲು ಚಿಕ್ಕ ಹೆಸರು ಸಾಕಿತ್ತು. ಈಗ ಅದು ಯಾವ ಗುಂಪಿಗೆ ಸೇರಿದ್ದು ಅನ್ನುವುದನ್ನೂ ಸೇರಿಸಿ ಪೂರ್ತಿ ಬರೆಯಬೇಕು. ಡೈಲಾಗ್ ತೆರೆಯುವ ಎಕ್ಸೆಕ್ ಕರೆಯ ಕೊನೆಗೆ ಇದ್ದ ಅಂಡರ್‌ಸ್ಕೋರ್ ಪೈಕ್ಯೂಟಿ 6ರಲ್ಲಿ ಇಲ್ಲ. ಇಂಥ ಬದಲಾವಣೆಗಳಲ್ಲಿ ಬಹುಪಾಲನ್ನು ತಾನೇ ಮಾಡಿಕೊಡುವ ಒಂದು ಸ್ಕ್ರಿಪ್ಟನ್ನೂ ಕ್ಯೂಜಿಐಎಸ್‌ನವರು ಕೊಟ್ಟಿದ್ದಾರೆ. ಅದನ್ನು ಓಡಿಸಿದೆ. ಉಳಿದದ್ದನ್ನು ಕೈಯಲ್ಲಿ ತಿದ್ದಿದೆ.

ನಿಜವಾಗಿ ಹೊತ್ತು ತಿಂದದ್ದು ವೆಬ್‌ಕಿಟ್, ಅಂದರೆ ವೆಬ್ ಪುಟ ತೋರಿಸುವ ಭಾಗ. ನನ್ನ ಎರಡನೇ ಪ್ಲಗಿನ್ ಅಳತೆಯ ವರದಿಯನ್ನು ಪುಟ್ಟ ಬ್ರೌಸರ್ ಕಿಟಕಿಯಲ್ಲಿ ತೋರಿಸುತ್ತಿತ್ತು. ಕ್ಯೂಟಿ 6ರಲ್ಲಿ ಆ ವೆಬ್‌ಕಿಟ್ ಇಲ್ಲವೇ ಇಲ್ಲ. ಹಾಗಾಗಿ ವರದಿಯನ್ನು ಸಾದಾ ಪಠ್ಯದ ಕಿಟಕಿಗೆ ಇಳಿಸಿದೆ. ಕೋಷ್ಟಕ ಬರುತ್ತದೆ, ಬಣ್ಣ ಬರುತ್ತದೆ, ಅಷ್ಟು ಸಾಕು. ಆದರೆ ಇದಕ್ಕೇ ಎರಡು ವಾರಾಂತ್ಯ ಹೋಯಿತು. ನನ್ನಂಥ ಒಬ್ಬನ ಎರಡು ಪುಟ್ಟ ಪ್ಲಗಿನ್‌ಗೇ ಇಷ್ಟು ಹೊತ್ತು ಬೇಕಾದರೆ, ನೌಕರಿ ಮುಗಿಸಿ ರಾತ್ರಿ ಕೂತು ದೊಡ್ಡ ಪ್ಲಗಿನ್ ನೋಡಿಕೊಳ್ಳುವವರಿಗೆ ಎಷ್ಟು ಬೇಕು? ಅಕ್ಟೋಬರ್‌ನಲ್ಲೇ ಬಿಟ್ಟಿದ್ದರೆ ತಂತ್ರಾಂಶ ನಮ್ಮ ಕೈಗೆ ಬರುತ್ತಿತ್ತು, ಕೆಲಸ ಮಾತ್ರ ಹಳೆಯದರಲ್ಲೇ ನಡೆಯುತ್ತಿತ್ತು. 2018ರಲ್ಲಿ ಅದನ್ನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ. ಬೇರೆ ತಂತ್ರಾಂಶದಲ್ಲಿ ಏನಾದರೂ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಗುಂಡಿ ಒತ್ತಿದರೆ ತೆರೆಯಲ್ಲ, ಅಕ್ಷರ ಮೂಡಲ್ಲ. ನಕ್ಷೆಯ ತಂತ್ರಾಂಶದಲ್ಲಿ ಹಾಗಲ್ಲ. ಬಿಂದು ಎರಡು ಮೀಟರ್ ಪಕ್ಕಕ್ಕೆ ಜರುಗಿದರೆ ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಜಾಗಕ್ಕೆ ಹೋಗಿ ಅಗೆದಾಗಲೇ ಗೊತ್ತಾಗುವುದು.

2019ರಲ್ಲಿ ಪ್ರಾಜ್ 6 ಬಂದಾಗ ಇದನ್ನು ಕಲಿತೆ. ಒಂದು ನಿರ್ದೇಶಾಂಕ ವ್ಯವಸ್ಥೆಯಿಂದ ಇನ್ನೊಂದಕ್ಕೆ ಲೆಕ್ಕ ಹಾಕಿಕೊಡುವ ಲೈಬ್ರರಿ ಅದು. ಅದಕ್ಕೂ ಮುಂಚೆ ಎಲ್ಲ ಪರಿವರ್ತನೆಯೂ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ವ್ಯವಸ್ಥೆ ಎಂಬ ಒಂದೇ ನಡುಮನೆ ಹಾದು ಹೋಗಬೇಕಿತ್ತು. ಹೊಸದರಲ್ಲಿ ಆ ಜಾಗಕ್ಕೆ ಹೊಂದುವ ನೇರ ದಾರಿ ಇದ್ದರೆ ಅದನ್ನೇ ಹಿಡಿಯುತ್ತದೆ. ಫಲಿತಾಂಶ ಹೆಚ್ಚು ನಿಖರ, ಸರಿ. ಆದರೆ ಹಳೆಯ ಲೆಕ್ಕದಲ್ಲಿ ಉಳಿಸಿದ ಲೇಯರ್ ಮತ್ತು ಹೊಸ ಲೆಕ್ಕದಲ್ಲಿ ಬಂದ ಲೇಯರ್ ಒಂದರ ಮೇಲೊಂದು ಸರಿಯಾಗಿ ಕೂರಲಿಲ್ಲ. ತಪ್ಪು ನನ್ನ ಡೇಟಾದ್ದು ಅಂದುಕೊಂಡು ಒಂದು ವಾರ ಹುಡುಕಿದೆ. ಕ್ಯೂಜಿಐಎಸ್ ಈಗ ಒಂದಕ್ಕಿಂತ ಹೆಚ್ಚು ದಾರಿ ಇದ್ದರೆ ಪಟ್ಟಿ ತೋರಿಸಿ, ಯಾವುದರ ನಿಖರತೆ ಎಷ್ಟು ಮೀಟರ್ ಅಂತ ಹೇಳಿ ನಮ್ಮನ್ನೇ ಕೇಳುತ್ತದೆ. ಆ ಪಟ್ಟಿ ಬಂದಾಗ ಓದದೆ ಸರಿ ಅಂತ ಒತ್ತಬೇಡಿ, ದಯವಿಟ್ಟು.

ಈ ಅನುಭವದಿಂದಾಗಿ ಹೊಸ ಆವೃತ್ತಿಗೆ ಒಂದು ಪರೀಕ್ಷೆಯ ಪೊಟ್ಟಣ ಮಾಡಿಟ್ಟುಕೊಂಡಿದ್ದೇನೆ. 20 ಬಿಂದುಗಳು, ಅವುಗಳ ಸರಿಯಾದ ನಿರ್ದೇಶಾಂಕ ನನಗೆ ಗೊತ್ತು. ವಿಸ್ತೀರ್ಣ ಗೊತ್ತಿರುವ 5 ಪಾಲಿಗನ್‌ಗಳು. ಅಚ್ಚಿಗೆ ಸಿದ್ಧವಾದ ಒಂದು ಲೇಔಟ್. ಮೂರನ್ನೂ ಹಳೆಯದರಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಓಡಿಸಿ ಹೋಲಿಸುತ್ತೇನೆ. ವಿಸ್ತೀರ್ಣ ಪರೀಕ್ಷಿಸುವಾಗ ಒಂದು ಎಚ್ಚರ ಬೇಕು. ಪ್ರಾಜೆಕ್ಟ್ ಇಂಟರ್‌ನೆಟ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ವ್ಯವಸ್ಥೆಯಲ್ಲಿ ಇದ್ದು, ಅಳತೆ ಸಮತಲದ ಲೆಕ್ಕದಲ್ಲಿ ನಡೆದರೆ 60 ಡಿಗ್ರಿ ಅಕ್ಷಾಂಶದಲ್ಲಿ ವಿಸ್ತೀರ್ಣ ಸುಮಾರು ನಾಲ್ಕು ಪಟ್ಟು ಬರುತ್ತದೆ. ಪ್ರಾಜೆಕ್ಟ್ ಗುಣಗಳಲ್ಲಿ ಎಲಿಪ್ಸಾಯ್ಡ್ (ಭೂಮಿಯ ದುಂಡು ಆಕಾರದ ಲೆಕ್ಕ) ಆರಿಸಿದ್ದೀರಾ ಅಂತ ಮೊದಲು ನೋಡಿ, ಆಮೇಲೆ ತಂತ್ರಾಂಶದ ಮೇಲೆ ಅನುಮಾನ ಪಡಿ.

ಇಷ್ಟು ವರ್ಷ ಇದನ್ನು ಬಿಡದೆ ಹಿಡಿದದ್ದು ಯಾಕೆ ಅಂತಲೂ ಹೇಳಬೇಕಲ್ಲ. ಒಂದೇ ಹೇಳು ಅಂದರೆ ಅಟ್ಲಾಸ್. ಒಂದು ಲೇಔಟ್ ಮಾಡಿ ಲೇಯರ್ ತೋರಿಸಿದರೆ, ಅದರಲ್ಲಿರುವ ಪ್ರತಿ ತುಂಡಿಗೂ ಒಂದೊಂದು ಹಾಳೆ ತಾನೇ ಮಾಡಿಕೊಡುತ್ತದೆ. ಹೆಸರು, ಅಳತೆ, ಮೂಲೆಯ ಪುಟ್ಟ ನಕ್ಷೆ ಎಲ್ಲವೂ ಹಾಳೆಗೆ ತಕ್ಕಂತೆ ಬದಲಾಗುತ್ತವೆ. 140 ಹಾಳೆಯ ಕಟ್ಟನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ. ಅದರ ಹಿಂದಿನ ವರ್ಷ ಅದೇ ಕೆಲಸಕ್ಕೆ ಎರಡು ವಾರ ಬೇಕಾಗಿತ್ತು. 3.0ರಿಂದ ಡೇಟಾ ಉಳಿಸಲು ಹಳೆಯ ಶೇಪ್‌ಫೈಲ್ ಬದಲು ಜಿಯೋಪ್ಯಾಕೇಜ್ ಎಂಬ ಫೈಲ್ ಬಗೆ ಮೊದಲ ಆಯ್ಕೆಯಾದದ್ದೂ ಒಳ್ಳೆಯದಾಯಿತು. ಶೇಪ್‌ಫೈಲ್‌ನಲ್ಲಿ ಕಾಲಮ್‌ನ ಹೆಸರು 10 ಅಕ್ಷರ ದಾಟುವಂತಿಲ್ಲ, ಒಂದು ಲೇಯರ್‌ಗೆ ನಾಲ್ಕೈದು ಫೈಲು ಬೇರೆ. ಜಿಯೋಪ್ಯಾಕೇಜ್‌ನಲ್ಲಿ ಎಲ್ಲ ಒಂದೇ ಕಡೆ. ಆದರೆ ತೆರೆದಿರುವಾಗ ಪಕ್ಕದಲ್ಲಿ ಎರಡು ಸಹಾಯಕ ಫೈಲುಗಳು ಹುಟ್ಟಿಕೊಳ್ಳುತ್ತವೆ. ಆಗಲೇ ಮುಖ್ಯ ಫೈಲನ್ನು ಮಾತ್ರ ನಕಲು ಮಾಡಿದರೆ ಕೊನೆಯ ತಿದ್ದುಪಡಿಗಳು ನಕಲಿಗೆ ಬರದೇ ಹೋಗಬಹುದು. ಮುಚ್ಚಿ ನಕಲು ಮಾಡಿ.

ಕೊರತೆಗಳೂ ಇವೆ. ಸೆಟ್ಟಿಂಗ್‌ಗಳು ನಾಲ್ಕು ಕಡೆ ಹಂಚಿಹೋಗಿವೆ. ಹೊಸಬರಿಗೆ ಯಾವುದು ಪ್ರಾಜೆಕ್ಟಿನದು, ಯಾವುದು ಇಡೀ ತಂತ್ರಾಂಶದ್ದು ಅಂತ ತಿಳಿಯಲು ತಿಂಗಳು ಬೇಕು. ಲೇಖಕರೇ ಗುರುತು ಹಾಕದಿದ್ದರೆ ಯಾವ ಪ್ಲಗಿನ್ ಜೀವಂತ, ಯಾವುದು ಕೈಬಿಟ್ಟದ್ದು ಅಂತ ಪಟ್ಟಿ ನೋಡಿ ಹೇಳುವುದು ಕಷ್ಟ. ಈ ಬದಲಾವಣೆಯ ಹೊತ್ತಿನಲ್ಲಿ ಅದು ಹೆಚ್ಚು ಕಾಡುತ್ತದೆ. ಈ ಎರಡಕ್ಕೆ ಅರ್ಧ ನಕ್ಷತ್ರ ಕಳೆದು 5ಕ್ಕೆ ನಾಲ್ಕೂವರೆ ಕೊಡುತ್ತೇನೆ. ತಡಕ್ಕೆ ಏನೂ ಕಳೆಯುವುದಿಲ್ಲ.

ನೀವೂ ಕಾಯುತ್ತಿದ್ದರೆ ದಿನದ ಕೆಲಸವನ್ನು ದೀರ್ಘಾವಧಿ ಆವೃತ್ತಿಯಲ್ಲೇ ಇಟ್ಟುಕೊಳ್ಳಿ. 3ರ ಬಳಕೆದಾರ ಪ್ರೊಫೈಲ್ ಫೋಲ್ಡರನ್ನು ಈಗಲೇ ಬೇರೆ ಕಡೆ ನಕಲು ಮಾಡಿ. ನಿಮ್ಮ ಶೈಲಿ, ಸಂಪರ್ಕ, ಟೂಲ್‌ಬಾರ್ ಎಲ್ಲ ಅಲ್ಲೇ ಇರುವುದು. ವಿಂಡೋಸ್ ಇದ್ದರೆ ಒಎಸ್‌ಜಿಯೋ4ಡಬ್ಲ್ಯೂ ಇನ್‌ಸ್ಟಾಲರ್‌ನಲ್ಲಿ ಕ್ಯೂಟಿ 6ರ ಪ್ರಯೋಗದ ಆವೃತ್ತಿ ಸಿಗುತ್ತದೆ. ಹಳೆಯದರ ಪಕ್ಕದಲ್ಲೇ ಹಾಕಬಹುದು. ಅದರಲ್ಲಿ ತೆರೆಯುವುದು ನಕಲು ಪ್ರಾಜೆಕ್ಟ್ ಮಾತ್ರ ಆಗಿರಲಿ. ನೀವು ನಂಬಿಕೊಂಡ ಪ್ಲಗಿನ್‌ಗಳ ಪಟ್ಟಿ ಮಾಡಿ, ಒಂದೊಂದನ್ನೂ ಹಾಕಿ ನೋಡಿ. ಓಡದಿದ್ದರೆ ಬರೆದವರಿಗೆ ತಿಳಿಸಿ. ‘ಕೆಲಸ ಮಾಡ್ತಿಲ್ಲ’ ಅಂತಷ್ಟೇ ಬರೆಯಬೇಡಿ. ಏನು ಒತ್ತಿದಿರಿ, ಯಾವ ಸಂದೇಶ ಬಂತು ಅಂತ ಪೂರ್ತಿ ಬರೆಯಿರಿ. ಹಣ ಕೊಡಲು ಸಾಧ್ಯವಿದ್ದರೆ ಕೊಡಿ. ಬಿಡುಗಡೆಗೆ ಮುಂಚೆ ದೋಷ ತಿದ್ದುವ ಕೆಲಸಕ್ಕೆ ದೇಣಿಗೆಯ ಹಣವೇ ಹೋಗುವುದು.

ನನ್ನ ಪಟ್ಟಿಯಲ್ಲಿ 7 ಪ್ಲಗಿನ್ ಇದ್ದವು. ನನ್ನ ಎರಡೂ ಸೇರಿ 6 ಈಗ ಪ್ರಯೋಗದ ಆವೃತ್ತಿಯಲ್ಲಿ ಓಡುತ್ತಿವೆ. ಉಳಿದ ಒಂದು ಕಾಲುವೆಯ ಉದ್ದಕ್ಕೂ ಅಡ್ಡಸೀಳು ಗೆರೆ ಹಾಕುವಂಥದ್ದು. ಅದರ ಲೇಖಕರಿಗೆ ಮೂರು ವಾರದ ಹಿಂದೆ ಬರೆದಿದ್ದೆ. ಮೊನ್ನೆ ಉತ್ತರ ಬಂತು. ಪ್ರಯೋಗಕ್ಕೆ ಒಂದು ಪುಟ್ಟ ಲೇಯರ್ ಕಳಿಸಿ, ಈ ತಿಂಗಳಲ್ಲೇ ಕೂತು ನೋಡುತ್ತೇನೆ ಅಂದಿದ್ದಾರೆ. ಒಂದು ತಿರುವು, ಒಂದು ಕವಲು ಇರುವ ಜಾಗ ಕತ್ತರಿಸಿ ನಿನ್ನೆ ರಾತ್ರಿ ಕಳಿಸಿದ್ದೇನೆ.