ಮೆಥಿಲೀನ್ ಬ್ಲೂ: ದೊಡ್ಡ ಟ್ಯಾಂಕಿಗೆ ಬೇಡ, ಬಕೆಟ್ಟಿಗೆ ಸರಿ

ಮೀನು ಸಾಕುವವರ ಮನೆಯಲ್ಲಿ ಬೇರೆ ಔಷಧಿ ಇರಲಿ ಬಿಡಲಿ, ಈ ನೀಲಿ ಬಾಟಲಿ ಒಂದು ಇದ್ದೇ ಇರುತ್ತದೆ. ಎಷ್ಟೋ ಕಡೆ ಅಂಗಡಿಯವರು ಮೀನಿನ ಜೊತೆಗೇ ಕೈಗಿಡುತ್ತಾರೆ. ಗೋಲ್ಡ್ ಫಿಶ್, ಏಂಜೆಲ್, ಗಪ್ಪಿ ಎಲ್ಲಕ್ಕೂ ನಾನು ಇದನ್ನು ವರ್ಷಗಳಿಂದ ಬಳಸುತ್ತಾ ಬಂದಿದ್ದೇನೆ. ಒಳ್ಳೆಯ ಔಷಧಿ, ಅನುಮಾನ ಬೇಡ. ಆದರೆ ಬಾಟಲಿಯ ಮೇಲೆ ಬರೆದಿರುವ ಅಷ್ಟೂ ಕಾಯಿಲೆಗಳಿಗೆ ಅಲ್ಲ. ಮೀನುಗಳೆಲ್ಲ ಇರುವ ದೊಡ್ಡ ಟ್ಯಾಂಕಿಗೆ ಸುರಿಯುವುದಕ್ಕಂತೂ ಅಲ್ಲವೇ ಅಲ್ಲ.

ಟ್ಯಾಂಕಿನ ಫಿಲ್ಟರಿನಲ್ಲಿ ಮೀನಿಗೆ ಬೇಕಾದ ಬ್ಯಾಕ್ಟೀರಿಯಾ ವಾಸ ಮಾಡುತ್ತವೆ. ಮೀನು ಬಿಡುವ ಅಮೋನಿಯಾವನ್ನು ಅವು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೆಥಿಲೀನ್ ಬ್ಲೂ ರೋಗದ ಬೂಷ್ಟನ್ನು ಕೊಲ್ಲುವ ಹಾಗೆ ಇವನ್ನೂ ಕೊಲ್ಲುತ್ತದೆ. ಆಮೇಲೆ ಅಮೋನಿಯಾ ಏರುತ್ತಾ ಹೋಗುತ್ತದೆ. "ಔಷಧಿ ಹಾಕಿದೆ, ಆದರೂ ಮೀನು ಉಳಿಯಲಿಲ್ಲ" ಅನ್ನುವ ಮಾತು ತುಂಬ ಕೇಳಿದ್ದೇನೆ. ಅದರಲ್ಲಿ ಎಷ್ಟೋ ಸಲ ಮೀನನ್ನು ಕೊಂದದ್ದು ರೋಗ ಅಲ್ಲ, ಅಮೋನಿಯಾ. ಇದು ಸಾಲದು ಅಂತ ಗಿಡಗಳು ಸೊರಗುತ್ತವೆ, ಗಾಜಿನ ಮೂಲೆಯ ಸಿಲಿಕೋನ್ ನೀಲಿಯಾಗಿ ಹಾಗೇ ಉಳಿಯುತ್ತದೆ.

ಹಾಗಾಗಿ ನನ್ನ ಮನೆಯಲ್ಲಿ ಔಷಧಿಗೆ ಅಂತಲೇ 20 ಲೀಟರಿನ ಒಂದು ಪ್ಲಾಸ್ಟಿಕ್ ಬಕೆಟ್ ಇದೆ. ಅದಕ್ಕೆ ಸೋಪು ಯಾವತ್ತೂ ತಾಗಿಲ್ಲ. ಏರ್ ಪಂಪಿನ ಪೈಪಿಗೆ ಒಂದು ಏರ್ ಸ್ಟೋನ್, ಮೀನು ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು, ಹಾರದ ಹಾಗೆ ಮೇಲೊಂದು ಮುಚ್ಚಳ. ಅಷ್ಟೇ ಆಸ್ಪತ್ರೆ. ನೀರನ್ನು ದೊಡ್ಡ ಟ್ಯಾಂಕಿನಿಂದಲೇ ತುಂಬಬೇಕು. ಆಗ ಬಿಸಿಯಲ್ಲಿ, ನೀರಿನ ಗುಣದಲ್ಲಿ ವ್ಯತ್ಯಾಸ ಆಗದೆ ಮೀನಿಗೆ ಜಾಸ್ತಿ ಆಘಾತ ಆಗುವುದಿಲ್ಲ.

ಇನ್ನು ಅಳತೆ. ಇಲ್ಲಿ ನನಗೆ ನಿಜವಾಗಿ ಸಿಟ್ಟಿದೆ. ನಾನು ಕೊಂಡ ಒಂದು ಬಾಟಲಿಯ ಮೇಲೆ "ಲೀಟರಿಗೆ ಇಷ್ಟು ಹನಿ" ಅಂತ ಮಾತ್ರ ಇತ್ತು. ದ್ರಾವಣ ಶೇಕಡಾ ಎಷ್ಟು ಅನ್ನುವುದು ಎಲ್ಲೂ ಇರಲಿಲ್ಲ. ಹನಿ ಅನ್ನುವುದು ಒಂದು ಅಳತೆಯೇ ಅಲ್ಲ, ಡ್ರಾಪರ್ ಬದಲಾದರೆ ಹನಿಯೂ ಬದಲಾಗುತ್ತದೆ ಅಲ್ವಾ? ಶೇಕಡಾವಾರು ಬರೆದಿರುವ ಬಾಟಲಿಯನ್ನೇ ಕೊಳ್ಳಿ. ಶೇ. 1ರ ದ್ರಾವಣದಲ್ಲಿ 1 ಮಿಲಿಗೆ 10 ಮಿಲಿಗ್ರಾಂ ಔಷಧಿ ಇರುತ್ತದೆ. ಲೀಟರ್ ನೀರಿಗೆ 3 ಮಿಲಿಗ್ರಾಂ ಸಾಮಾನ್ಯ ಅಳತೆ. ಬಕೆಟ್ಟಿನಲ್ಲಿ 15 ಲೀಟರ್ ನೀರಿದ್ದರೆ 45 ಮಿಲಿಗ್ರಾಂ, ಅಂದರೆ 4.5 ಮಿಲಿ. ಮೆಡಿಕಲ್ ಶಾಪಿನಲ್ಲಿ ಸಿಗುವ 5 ಮಿಲಿ ಸಿರಿಂಜಿನಲ್ಲಿ, ಸೂಜಿ ತೆಗೆದು, ಗೆರೆ ನೋಡಿ ಎಳೆದುಕೊಳ್ಳುತ್ತೇನೆ. ನೇರ ಮೀನಿನ ಮೇಲೆ ಬಿಡದೆ, ಒಂದು ಲೋಟ ನೀರಿನಲ್ಲಿ ಕಲಸಿ, ಏರ್ ಸ್ಟೋನ್ ಗುಳ್ಳೆ ಏಳುವ ಕಡೆ ನಿಧಾನವಾಗಿ ಸುರಿಯುತ್ತೇನೆ.

ಮಾರನೇ ದಿನದ ಲೆಕ್ಕ ಇನ್ನೂ ಮುಖ್ಯ. ಬಕೆಟ್ಟಿನಲ್ಲಿ ಫಿಲ್ಟರ್ ಇಲ್ಲ, ಆದ್ದರಿಂದ ದಿನಾ ಮೂರನೇ ಒಂದು ಭಾಗವಾದರೂ ನೀರು ಬದಲಿಸಬೇಕು. 5 ಲೀಟರ್ ತೆಗೆದು 5 ಲೀಟರ್ ಹಾಕಿದರೆ ಔಷಧಿ 1.5 ಮಿಲಿ ಮಾತ್ರ. ಮತ್ತೆ ಪೂರ್ತಿ 4.5 ಹಾಕಿದರೆ ದಿನದಿಂದ ದಿನಕ್ಕೆ ಔಷಧಿ ಏರುತ್ತಾ ಹೋಗುತ್ತದೆ. ಬೆಂಗಳೂರಿನ ಕಾವೇರಿ ನೀರಾದರೆ ಆಂಟಿ ಕ್ಲೋರಿನ್ ಹಾಕಿಯೇ ಬಳಸಿ. ಒಂದೇ ಬಕೆಟ್ಟಿಗೆ ಎರಡು ಔಷಧಿ ಬೆರೆಸಬೇಡಿ. ಮೀನಿಗೆ ಆ ದಿನಗಳಲ್ಲಿ ಆಹಾರ ತೀರಾ ಕಡಿಮೆ ಸಾಕು.

ಈ ಔಷಧಿಯಿಂದ ನನಗೆ ಅತ್ಯಂತ ಖುಷಿ ಕೊಟ್ಟಿದ್ದು ಏಂಜೆಲ್ ಮೊಟ್ಟೆಗಳು. ಏಂಜೆಲ್ ಜೋಡಿ ಅಗಲ ಎಲೆಯ ಮೇಲೋ ನಿಂತ ಹಲಗೆಯ ಮೇಲೋ ಸಾಲಾಗಿ ಮೊಟ್ಟೆ ಇಡುತ್ತವೆ. ಫಲಿಸದ ಮೊಟ್ಟೆ ಬೆಳ್ಳಗಾಗುತ್ತದೆ, ಅದಕ್ಕೆ ಬೂಷ್ಟು ಹಿಡಿಯುತ್ತದೆ. ಹತ್ತಿಯಂಥ ಎಳೆಗಳು ಪಕ್ಕದ ಒಳ್ಳೆಯ ಮೊಟ್ಟೆಗೂ ಹಬ್ಬುತ್ತವೆ. ಎಲೆಯ ಸಮೇತ ಮೊಟ್ಟೆಗಳನ್ನು ತಿಳಿನೀಲಿ ನೀರಿಗೆ ಹಾಕಿ, ಪಕ್ಕದಲ್ಲಿ ಗುಳ್ಳೆ ಬಿಟ್ಟರೆ ಬೂಷ್ಟು ಅಲ್ಲೇ ನಿಲ್ಲುತ್ತದೆ. ಮೂರನೇ ದಿನದ ಹೊತ್ತಿಗೆ ಎಲೆಯ ಮೇಲೆ ಪುಟ್ಟ ಬಾಲಗಳು ಅಲುಗುವುದು ಕಾಣುತ್ತದೆ. ಮೊಟ್ಟೆ ಒಡೆದ ಮೇಲೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಿ ನೀಲಿ ತೆಗೆದುಬಿಡಿ. ರೆಕ್ಕೆ ಹರಿದ ಜಾಗಕ್ಕೆ ಹತ್ತಿಯ ಹಾಗೆ ಬೂಷ್ಟು ಹಿಡಿದಾಗಲೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನೈಟ್ರೈಟ್ ಏರಿ, ಕಿವಿರು ಕಂದಾಗಿ, ಮೀನು ನೀರಿನ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ರಕ್ತ ಮತ್ತೆ ಆಮ್ಲಜನಕ ಹೊರುವ ಹಾಗೆ ಮಾಡುವುದೂ ಇದರ ಗುಣ. ಆದರೆ ಅಲ್ಲಿ ಮೊದಲ ಮದ್ದು ನೀರು ಬದಲಿಸುವುದು.

ಬಿಳಿ ಚುಕ್ಕೆ ರೋಗಕ್ಕೆ ಇದನ್ನೇ ನೆಚ್ಚಬೇಡಿ. ಚುಕ್ಕೆಯೊಳಗಿನ ಪರೋಪಜೀವಿ ಮೀನಿನ ಚರ್ಮದಡಿ ಇರುತ್ತದೆ, ಔಷಧಿ ಅಲ್ಲಿಗೆ ತಲುಪುವುದಿಲ್ಲ. ಅದು ಕಳಚಿ ತಳಕ್ಕೆ ಬಿದ್ದು, ಒಡೆದು, ಮರಿಗಳು ನೀರಿನಲ್ಲಿ ಈಜುವ ಹೊತ್ತಿನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಅಂದರೆ ಚುಕ್ಕೆ ಹೋಯಿತು ಅಂತ ಅವತ್ತೇ ನಿಲ್ಲಿಸಿದರೆ ರೋಗ ವಾಪಸ್ ಬರುತ್ತದೆ. ದೊಡ್ಡ ಟ್ಯಾಂಕಿನ ತಳದಲ್ಲೂ ಅವು ಇರುತ್ತವೆ, ಆದ್ದರಿಂದ ಒಂದು ಮೀನನ್ನು ಬಕೆಟ್ಟಿಗೆ ಹಾಕಿದರೆ ಮುಗಿಯಲಿಲ್ಲ. ನಾನು ಟ್ಯಾಂಕಿನಲ್ಲೇ ಹೀಟರಿನಿಂದ ನಿಧಾನವಾಗಿ 29-30 ಡಿಗ್ರಿಗೆ ಏರಿಸಿ, ಗುಳ್ಳೆ ಜಾಸ್ತಿ ಬಿಟ್ಟು, ಲೀಟರಿಗೆ 1-2 ಗ್ರಾಂ ಕಲ್ಲುಪ್ಪು ಹಾಕುತ್ತೇನೆ. ಗಿಡಗಳೋ, ಕೋರಿ, ಲೋಚ್ ಥರದ ಮೀನುಗಳೋ ಇದ್ದರೆ ಉಪ್ಪು ಇನ್ನೂ ಕಡಿಮೆ.

ಬಾಯಿಯ ಸುತ್ತ ಬೆಳ್ಳಗೆ ಹತ್ತಿಯಂತೆ ಕಾಣುವುದೆಲ್ಲ ಬೂಷ್ಟಲ್ಲ. ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ ರೋಗವೂ ಹಾಗೇ ಕಾಣುತ್ತದೆ, ಬಿಸಿ ನೀರಿನಲ್ಲಿ ಇನ್ನೂ ವೇಗವಾಗಿ ಹರಡುತ್ತದೆ. ಅಲ್ಲಿ ಹೀಟರ್ ಏರಿಸುವುದು ಅಪಾಯ, ಈ ನೀಲಿಯೂ ಸಾಲದು. ಸುಮ್ನೆ ಮೆಡಿಕಲ್ ಶಾಪಿನಿಂದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ತಂದು ಒಡೆದು ಹಾಕುವುದೂ ಬೇಡ. ಗಡಸು ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟು ನಿಷ್ಪ್ರಯೋಜಕ ಮಾಡುತ್ತದೆ. ಮೀನು ನೋಡುವ ಪಶುವೈದ್ಯರು ಸಿಕ್ಕರೆ ತೋರಿಸಿ.

ಬಾಟಲಿಯನ್ನು ಬೆಳಕು ಬೀಳದ ಕಪಾಟಿನಲ್ಲಿಡಿ, ಮಕ್ಕಳ ಕೈಗೆ ಸಿಗದ ಹಾಗೆ. ಗ್ಲೌಸ್ ಹಾಕದಿದ್ದರೆ ಬೆರಳು ದಿನಗಟ್ಟಲೆ ನೀಲಿ. ಬಕೆಟ್ಟಿಗೆ ಬಳಸಿದ ಬಲೆಯನ್ನು ಟ್ಯಾಂಕಿಗೆ ಹಾಕಬೇಡಿ. ಬಳಸಿದ ನೀರನ್ನು ಚರಂಡಿಗೆ ಚೆಲ್ಲಿ, ಕೆರೆಗಾಗಲಿ ತೋಟಕ್ಕಾಗಲಿ ಬೇಡ. ಬೇರೆ ಬಕೆಟ್ ಇಡಲು ಜಾಗ ಇಲ್ಲ, ದಿನಾ ನೀರು ಬದಲಿಸಲು ಆಗುವುದಿಲ್ಲ ಅನ್ನುವವರು ಈ ಔಷಧಿ ಕೊಳ್ಳದೇ ಇರುವುದೇ ಮೀನಿಗೆ ಕ್ಷೇಮ. ಉಳಿದವರು ಕಣ್ಣುಮುಚ್ಚಿ ಕೊಳ್ಳಬಹುದು, ಶೇಕಡಾವಾರು ನೋಡಿಕೊಂಡು.