ಟ್ಯಾಬ್ಲೆಟ್ಟೋ, ಫೇಡರ್ ಪೆಟ್ಟಿಗೆಯೋ?

ಮಡಿಕೇರಿಯ ಮಳೆಗಾಲದಲ್ಲಿ ಮನೆಯಲ್ಲೇ ರೆಕಾರ್ಡಿಂಗ್ ಮಾಡುವುದು ಸುಲಭವಲ್ಲ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ತಾಳಲಾರದೆ ಮೈಕನ್ನು ಒಳಕೋಣೆಗೆ ಒಯ್ದೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ಇರುವ ಲ್ಯಾಪ್‌ಟಾಪ್ ಜಗಲಿಯಲ್ಲೇ ಉಳಿಯಿತು. ಕೈಯಲ್ಲಿ ದುಡಿ ಎಂಬ ಕೊಡಗಿನ ಪುಟ್ಟ ಚರ್ಮವಾದ್ಯ ಹಿಡಿದುಕೊಂಡು ಪ್ರತಿ ಟೇಕ್‌ಗೂ ಎದ್ದು ಓಡುವುದು ಕಷ್ಟ ಅಲ್ವಾ? ಟ್ಯಾಬ್ಲೆಟ್ ಗೆಲ್ಲುವುದು ಇಲ್ಲೇ. ಲ್ಯಾಪ್‌ಟಾಪಿನ ಸಾಫ್ಟ್‌ವೇರನ್ನು ವೈಫೈ ಮೂಲಕ ದೂರದಿಂದಲೇ ನಡೆಸುವ ಆ್ಯಪ್ ಹಾಕಿ, ಪಕ್ಕದ ಸ್ಟೂಲ್ ಮೇಲಿಟ್ಟು ರೆಕಾರ್ಡ್ ಗುಂಡಿ ಮುಟ್ಟಿದರೆ ಸಾಕು.

ಆ್ಯಪಲ್‌ನ ರೆಕಾರ್ಡಿಂಗ್ ಸಾಫ್ಟ್‌ವೇರ್ ಲಾಜಿಕ್ ಪ್ರೊ ಬಳಸುವವರಿಗೆ ಇಂಥ ಆ್ಯಪ್ ಲಾಜಿಕ್ ರಿಮೋಟ್ ಉಚಿತ, ಆದರೆ ಐಪ್ಯಾಡ್, ಐಫೋನ್‌ಗೆ ಮಾತ್ರ. ಆಂಡ್ರಾಯ್ಡ್ ಇದ್ದರೆ ಟಚ್‌ಒಎಸ್‌ಸಿ ಆ್ಯಪ್ ನೋಡಿ. ದುಡ್ಡು ಕೊಡಬೇಕು, ಆದರೆ ಗುಂಡಿ, ಫೇಡರ್‌ಗಳನ್ನು (ಸದ್ದು ಏರಿಸಿ ಇಳಿಸುವ ಜಾರುಪಟ್ಟಿಗಳು) ನಿಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳಬಹುದು.

ಮಿಕ್ಸಿಂಗ್‌ಗೆ, ಅಂದರೆ ರೆಕಾರ್ಡ್ ಮಾಡಿದ ಸದ್ದುಗಳನ್ನು ಹದವಾಗಿ ಬೆರೆಸಲು, ಕೂತರೆ ಮಾತೇ ಬೇರೆ. ಗಾಜಿನ ಮೇಲೆ ಫೇಡರ್ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗುವುದಿಲ್ಲ, ಕಣ್ಣು ಅಲ್ಲೇ ಇರಬೇಕು. ಕೊರ್ಗ್ ನ್ಯಾನೊಕಂಟ್ರೋಲ್ 2ರಂಥ ಯುಎಸ್‌ಬಿ ಪೆಟ್ಟಿಗೆಯಲ್ಲಿ 8 ಫೇಡರ್, ತಿರುಗಿಸುವ 8 ನಾಬ್ ಇವೆ. ಕಣ್ಣು ಮುಚ್ಚಿ ಕೇಳುತ್ತಾ ದುಡಿಯ ಸದ್ದನ್ನು ಕೂದಲೆಳೆಯಷ್ಟೇ ಇಳಿಸಬಹುದು. ನನಗೆ ಈ ಸುಖ ತುಂಬಾ ದೊಡ್ಡದು. ಒಂದೇ ಕೊರತೆ: ಬೇರೆ ಹಾಡು ತೆರೆದಾಗ ಈ ಫೇಡರ್‌ಗಳು ಆ ಹಾಡಿನ ಮಟ್ಟಕ್ಕೆ ತಾವಾಗಿ ಸರಿಯುವುದಿಲ್ಲ.

ಕರೆಂಟಿನದೂ ಯೋಚಿಸಿ. ಗಾಳಿಮಳೆಗೆ ಕರೆಂಟ್ ಹೋದರೆ ವೈಫೈ ರೂಟರ್ ಆರುತ್ತದೆ, ಟ್ಯಾಬ್ಲೆಟ್ ಸುಮ್ನೆ ಕೂರುತ್ತದೆ. ಆಗ ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಎರಡನ್ನೂ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿಕೊಳ್ಳಿ. ಇಂಟರ್ನೆಟ್ ಬೇಕಾಗಿಲ್ಲ, ಎರಡೂ ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಆಯಿತು. ಪೆಟ್ಟಿಗೆಗೆ ಈ ತಾಪತ್ರಯವಿಲ್ಲ, ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ನಡೆಯುತ್ತದೆ.

ಒಬ್ಬರೇ ಹಾಡಿ ನುಡಿಸುವವರು, ಟ್ಯಾಬ್ಲೆಟ್ ಮನೆಯಲ್ಲಿ ಮೊದಲೇ ಇದ್ದರೆ, ಅದನ್ನೇ ಬಳಸಿ. ಮಿಕ್ಸಿಂಗ್ ಜಾಸ್ತಿ ಮಾಡುವವರು ಪೆಟ್ಟಿಗೆಯನ್ನೇ ಕೊಳ್ಳಿ.