ಹಾಲ್ ಎಫೆಕ್ಟ್ ಸ್ಟಿಕ್ ಇರೋ ಗೇಮ್ ಕಂಟ್ರೋಲರ್, ಒಂದೂವರಿ ವರ್ಷ ಆಡಿದ ಮ್ಯಾಲ

ಮೊದಲ ಹೇಳಿಬಿಡ್ತೀನಿ, ಇದು ಡಬ್ಬಿ ಒಡದ ದಿನ ಬರದ ರಿವ್ಯೂ ಅಲ್ಲ. ದಿನಾ ರಾತ್ರಿ ಊಟ ಆದಮ್ಯಾಲ ಒಂದ್ ತಾಸರ ಆಡ್ತೀನಿ, ರವಿವಾರ ಅಣ್ಣನ ಮಗ ಬಂದ್ರ ಲೆಕ್ಕಾನ ಇಲ್ಲ. ಅವ್ವ ಇದಕ್ಕ ಇನ್ನೂ ರಿಮೋಟ್ ಅಂತಾಳ.

ಹಿಂದ ಒಂದು ಸಾದಾ ಕಂಟ್ರೋಲರ್ ಇತ್ತು, ಕಂಪನಿ ಹೆಸರು ಬ್ಯಾಡ ಬಿಡ್ರಿ. ಎರಡು ವರ್ಷ ಛಲೋ ನಡೀತು, ಆಮ್ಯಾಲ ಎಡಗಡೆ ಸ್ಟಿಕ್, ಅಂದ್ರ ಹೆಬ್ಬಟ್ಟಿನ್ಲೆ ನೂಕೂ ಕೋಲು, ಡ್ರಿಫ್ಟ್ ಹೊಡಿಯಾಕ ಹತ್ತು, ಕೈ ಬಿಟ್ರೂ ನೂಕಿದಂಗ ತೋರಸೂದು. ಗೊತ್ತಾಗಿದ್ದು ಹೆಂಗಂದ್ರ, ಬ್ರದರ್ಸ್ ಅಂತ 2013ರ ಗೇಮ್ ಐತಲ್ಲ, ಎಡಗಡೆ ಸ್ಟಿಕ್ಕಿಗೆ ಅಣ್ಣ, ಬಲಗಡೆದಕ್ಕ ತಮ್ಮ, ಇಬ್ಬರನ್ನೂ ಒಬ್ಬರ ನಡಸಬೇಕು, ಅದನ್ನ ಆಡ್ಕೋತ ಚಹಾ ಕುಡಿಯಾಕಂತ ಕಂಟ್ರೋಲರ್ ಕೆಳಗಿಟ್ಟೆ, ನೋಡ್ತೀನಿ, ತಮ್ಮ ನಿಂತಲ್ಲೇ ನಿಂತಾನ, ಅಣ್ಣ ಒಬ್ಬನ ಮೆಲ್ಲಕ ಹೊಂಟಾನ. "ಕಾಕಾ, ಅಣ್ಣ ಸಿಟ್ಟಾಗಿ ಮನಿ ಬಿಟ್ಟ ಹೊಂಟ್ನಲೋ" ಅಂತ ಹುಡುಗ ಹೊಟ್ಟಿ ಹಿಡ್ಕೊಂಡು ನಕ್ಕ.

ಬಿಚ್ಚಿ ನೋಡಿದೆ. ಸ್ಟಿಕ್ಕಿನ ಬುಡಕ್ಕ ಎರಡು ಪೊಟೆನ್ಶಿಯೋಮೀಟರ್, ಒಂದು ಎಡ-ಬಲಕ್ಕ, ಒಂದು ಮ್ಯಾಲ-ಕೆಳಗ. ಹಳೇ ರೇಡಿಯೋದ ವಾಲ್ಯೂಮ್ ತಿರುವಿದ್ರ ಖರ್ ಖರ್ ಅಂತಿತ್ತಲ್ಲ, ಅದ ಜಾತಿದು. ಕಾರ್ಬನ್ ಪಟ್ಟಿ ಮ್ಯಾಲ ಲೋಹದ ನಾಲಿಗಿ ತಿಕ್ಕತೈತಿ, ತಿಕ್ಕಿ ತಿಕ್ಕಿ ಪಟ್ಟಿ ಸವೀತೈತಿ, ಆಮ್ಯಾಲ ಕೈ ಬಿಟ್ರೂ ಸೊನ್ನಿ ತೋರಸೂದಿಲ್ಲ. ಪೂರಾ ನೂಕಿದ್ರ 1 ಅನ್ನೂ ಲೆಕ್ಕದಾಗ ನಂದು 0.11 ತೋರಸ್ತಿತ್ತು. ಅದರಾಗ ನಮ್ಮ ವಿಜಯಪುರದ ಧೂಳು ಬ್ಯಾರೆ.

ಎಲ್ಲಾರೂ ಡೆಡ್ ಝೋನ್ ಏರ್ಸು ಅಂದ್ರು. ಅಂದ್ರ ಸ್ಟಿಕ್ ಇಷ್ಟು ವಾಲೂತನಕ ಗೇಮ್ ಲೆಕ್ಕಕ್ಕ ತೊಗೊಳ್ಳೂದ ಇಲ್ಲ. 0.15 ಇಟ್ಟೆ, ಅಣ್ಣ ನಿಂತ, ಖರೆ ಆಟದ ರುಚಿನ ಹೋತು. ಫೋರ್ಜಾ ಹೊರೈಝನ್ 4ದಾಗ ನೆಟ್ಟಗ ರಸ್ತೆದಾಗ ಹೊಂಟಾಗ ಒಂದ್ ಕೂದಲೆಳಿಯಷ್ಟು ಬಲಕ್ಕ ತಿರುವಬೇಕಲ್ಲ, ಆ ಕೂದಲೆಳಿ ಇಲ್ಲ. ಸ್ಟಿಕ್ ನೂಕ್ತೀನಿ, ಏನೂ ಇಲ್ಲ, ಇನ್ನಷ್ಟು ನೂಕ್ತೀನಿ, ಗಾಡಿ ಗಬಕ್ಕನ ತಿರುಗತೈತಿ, ನಾ ಮತ್ತ ಎಡಕ್ಕ, ಹಿಂಗ ರಸ್ತೆ ತುಂಬ ಹಾವಿನಂಗ. ಎತ್ತಿನ ಹಗ್ಗ ಸಡ್ಲ ಬಿಟ್ಟು ಒಮ್ಮೆಲೆ ಜಗ್ಗಿದಂಗ ಅದು. ಹಗ್ಗ ಸದಾ ಅಷ್ಟೋ ಇಷ್ಟೋ ಬಿಗಿ ಇದ್ರ ಎತ್ತಿಗೆ ನಮ್ಮ ಮನಸ್ಸು ತಿಳೀತೈತಿ. ಕೀಬೋರ್ಡಿನಾಗಂತೂ ಹಗ್ಗನ ಇಲ್ಲ, ಒತ್ತಿದ್ರ ಪೂರಾ, ಬಿಟ್ರ ಸೊನ್ನಿ.

1996ರಾಗ ಬಂದ ಸೂಪರ್ ಮಾರಿಯೋ 64ದಾಗ ಸ್ಟಿಕ್ ಸ್ವಲ್ಪ ವಾಲಿಸಿದ್ರ ಮಾರಿಯೋ ತುದಿಗಾಲ ಮ್ಯಾಲ ಹೋಗ್ತಾನ, ಪೂರಾ ನೂಕಿದ್ರ ಓಡ್ತಾನ. ಮಲಗಿರೋ ಪಿರಾನಾ ಗಿಡದ ಮುಂದ ಓಡಿದ್ರ ಅದು ಎದ್ದು ಕಚ್ಚತೈತಿ, ಹಿಂಗಾಗಿ ಹೆಬ್ಬಟ್ಟಿನಾಗ ಉಸಿರು ಬಿಗಿ ಹಿಡ್ಕೊಂಡು ಹೋಗಬೇಕು. ಭಯ ಪರದೆ ಮ್ಯಾಲ ಇರೂದಿಲ್ಲ, ಆ ಬೆರಳಿನಾಗ ಇರತೈತಿ. ಆಟದಾಗ ಜೀವ ಇರೂದು ಸ್ಟಿಕ್ಕಿನ ಮೊದಲ ಐದಾರು ಡಿಗ್ರಿದಾಗ ಅಂತ ನನಗ ಅನಿಸೇತಿ, ಡೆಡ್ ಝೋನ್ ನುಂಗೂದೂ ಅದನ್ನ.

ಹೊಸಾದರಾಗ ತಿಕ್ಕೂದಿಲ್ಲ. ಸ್ಟಿಕ್ಕಿನ ಬುಡಕ್ಕ ಆಯಸ್ಕಾಂತ, ಎದುರಿಗೆ ಅದರ ಸೆಳೆತ ಅಳಿಯೂ ಸೆನ್ಸರ್, ನಡುವ ಗಾಳಿ, ಇದಕ್ಕ ಹಾಲ್ ಎಫೆಕ್ಟ್ ಅಂತಾರ. ಒಂದೂವರಿ ವರ್ಷಕ್ಕೂ ಕೈ ಬಿಟ್ರ 0.02, ಡೆಡ್ ಝೋನ್ 0.04ಕ್ಕ ಇಟ್ಟೇನಿ.

ಆದ್ರ ಹಾಲ್ ಅಂದ ಕೂಡ್ಲೆ ಎಲ್ಲಾ ಬರೋಬರಿ ಅಂತ ತಿಳ್ಕೋಬ್ಯಾಡ್ರಿ. ಸವಿಯೂದಿಲ್ಲ ಅನ್ನೂದು ಸೆನ್ಸರಿಗೆ ಅಷ್ಟ, ಸ್ಪ್ರಿಂಗಿಗೆ ಅಲ್ಲ. ಬಲಗಡೆ ಸ್ಪ್ರಿಂಗ್ ಈಗ ಹಗುರ ಆಗೇತಿ, ಎಡಗಡೆದು ಇನ್ನೂ ಗಟ್ಟಿ, ಗುರಿ ಹಿಡಿಯೂ ಆಟದಾಗ ಎರಡೂ ಬೆರಳಿಗೆ ಎರಡು ಥರ ಅನಸ್ತೈತಿ. ರಬ್ಬರ್ ಟೊಪ್ಪಿಗಿ ಬ್ಯಾಸಗಿ ಬೆವರಿಗೆ ನುಣ್ಣಗ ಆತು, ₹120 ಕೊಟ್ಟು ಕ್ಯಾಪ್ ಹಾಕ್ಸೇನಿ. ಶೇಂಗಾ ಚಟ್ನಿ ಕೈಲೆ ಮುಟ್ಟಬ್ಯಾಡ ಅಂತ ಹುಡುಗಗ ಹತ್ತು ಸಲ ಹೇಳೇನಿ, ಕೇಳಂಗಿಲ್ಲ.

ಐದಕ್ಕ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಸ್ಟಾರ್ ಸ್ಪ್ರಿಂಗಿಗೆ ಕಟ್. ಹಳೇದು ಒಗದಿಲ್ಲ, ಫೈಟಿಂಗ್ ಗೇಮಿನಾಗ ಡಿ-ಪ್ಯಾಡ್, ಅಂದ್ರ ನಾಕು ದಿಕ್ಕಿನ ಗುಂಡಿ, ಸಾಕು, ಹುಡುಗ ಅದರ ಮ್ಯಾಲೇನ ನನಗ ಸೋಲಸ್ತಾನ.